ಎವ್ಲೋಗಿಯ ಕಾಲ್ಗುಣ

ರಾಜರಿದ್ದ ಕಾಲದಲ್ಲಿ ಒಂದು ರಾಜ್ಯ ಬೀಳಬೇಕಾದರೆ ಬೆಟ್ಟದಿಂದ ಘಟಸರ್ಪ ಇಳಿದು ಬರಬೇಕಿತ್ತು. ಇಲ್ಲವೇ ಒಬ್ಬ ಮಾಟಗಾತಿ ಬೇಕಿತ್ತು. ಕೊನೇಪಕ್ಷ ಹೊಟ್ಟೆಕಿಚ್ಚಿನ ಒಬ್ಬ ಮಲತಾಯಿಯಾದರೂ ಬೇಕೇ ಬೇಕಿತ್ತು. ಈಗ ಅಷ್ಟೊಂದು ಖರ್ಚಿಲ್ಲ, ಎವ್ಲೋಗಿ ತರ್ಪಾನೊವ್ ಒಬ್ಬನಿದ್ದರೆ ಸಾಕು ಎಂದು ಸೋಫಿಯಾ ನಗರದ ಜನ ಮಾತಾಡಿಕೊಳ್ಳುವಂತಾಯಿತು. ಹಾಗೆ ಆದದ್ದರಲ್ಲಿ ಎವ್ಲೋಗಿಯ ಬಾಯಿಯ ತಪ್ಪು ಇತ್ತೇ ಹೊರತು ಕಾಲಿನ ತಪ್ಪು ಇರಲಿಲ್ಲ.

ಎವ್ಲೋಗಿ ನಾಲ್ಕು ಸರ್ಕಾರಗಳಿಗೆ ಸಲಹೆ ಕೊಟ್ಟವನು. ಕೊಟ್ಟವನು ಎನ್ನುವುದಕ್ಕಿಂತ ಕೊಡಲು ಹೊರಟವನು ಎಂದರೆ ಸರಿ. ಸಲಹೆಯನ್ನು ಯೋಚಿಸಿ, ಬರೆದು, ತಿದ್ದಿ, ಅಂದವಾಗಿ ಟೈಪು ಮಾಡಿಸಿಕೊಂಡು ಅವನು ಮಂತ್ರಿಗಳ ಬಾಗಿಲು ತಟ್ಟುವ ಹೊತ್ತಿಗೆ ಒಳಗೆ ಮಂತ್ರಿಗಳೇ ಇರುತ್ತಿರಲಿಲ್ಲ. ಮೊದಲನೆಯ ಸರ್ಕಾರ ಬಜೆಟ್ಟಿನ ಮೇಲೆ ಬಿತ್ತು. ಎರಡನೆಯದು ಒಂದು ಹೆದ್ದಾರಿಯ ಮೇಲೆ ಬಿತ್ತು. ಮೂರನೆಯದು ಯಾವುದರ ಮೇಲೆ ಬಿತ್ತೆಂದು ಇನ್ನೂ ತನಿಖೆ ನಡೆಯುತ್ತಿದೆ. ನಾಲ್ಕನೆಯದು ಬಿದ್ದಾಗ ಅವನು ಅರಣ್ಯ ಮಂತ್ರಾಲಯದ ಕ್ಯಾಂಟೀನಿನಲ್ಲಿ ಹುರುಳಿಕಾಯಿ ಸೂಪಿಗೆ ಸಾಲಿನಲ್ಲಿ ನಿಂತಿದ್ದ. ಸೂಪು ಕುಡಿದು ಮೇಲೆ ಬರುವಷ್ಟರಲ್ಲಿ ಅವನ ಕುರ್ಚಿಯಲ್ಲಿ ಬೇರೆ ಪಕ್ಷದವನೊಬ್ಬ ಕೂತು, ಕೆಳಗಿನ ಹಿಡಿಕೆ ಎಳೆದು ಎತ್ತರ ಸರಿಮಾಡಿಕೊಳ್ಳುತ್ತಿದ್ದ.

ಆ ಕುರ್ಚಿಯ ಮೇಲೆ ಒಂದು ಕೆಂಪು ಉಣ್ಣೆಯ ದಿಂಬು ಇತ್ತು. ಗೊರ್ನಾ ಕ್ರುಶಾ ಹಳ್ಳಿಯಲ್ಲಿರುವ ಅತ್ತೆ ತೋಂಕಾ ತನ್ನ ಕೈಯಾರೆ ನೇಯ್ದು, "ಸರ್ಕಾರಿ ಕುರ್ಚಿ ತಣ್ಣಗಿರ್ತವೆ ಮಗಾ, ಇದನ್ನ ಹಾಕ್ಕೊಂಡು ಕೂತ್ಕೋ" ಎಂದು ಕೊಟ್ಟದ್ದು. ಎವ್ಲೋಗಿ ಅದನ್ನು ನಾಲ್ಕು ಮಂತ್ರಾಲಯಗಳಿಗೂ ಹೊತ್ತಿದ್ದ. ದಿಂಬು ಬಿಸಿಯಾಗುವಷ್ಟು ಹೊತ್ತು ಮಾತ್ರ ಎಲ್ಲೂ ಕೂತಿರಲಿಲ್ಲ.

ಆದರೂ ಅವನು ಕಳೆದುಕೊಳ್ಳದ ಹುದ್ದೆ ಒಂದಿತ್ತು. ಕ್ರಿಸ್‌ಮಸ್ಸಿಗೆ ಮುಂಚೆ ಸಂತ ಇಗ್ನಾಟನ ದಿನ ಬರುತ್ತದೆ. ಆ ಬೆಳಿಗ್ಗೆ ಮನೆಯೊಳಗೆ ಯಾರು ಮೊದಲು ಕಾಲಿಡುತ್ತಾರೋ ಅವರ ಕಾಲ್ಗುಣವೇ ವರ್ಷವಿಡೀ ಆ ಮನೆಯ ಕೋಳಿಗಳಿಗೂ ಕುರಿಗಳಿಗೂ ಮನುಷ್ಯರಿಗೂ ದಕ್ಕುತ್ತದೆ. ಮದುವೆಯಾದ ವರ್ಷ ಎವ್ಲೋಗಿ ಗೊತ್ತಿಲ್ಲದೆ ಅತ್ತೆಯ ಮನೆಗೆ ಮೊದಲು ನುಗ್ಗಿಬಿಟ್ಟಿದ್ದ. ಆ ವರ್ಷ ಕೋಳಿಗಳು ಇಟ್ಟ ಮೊಟ್ಟೆಗಳನ್ನು ಇಡಲು ಬುಟ್ಟಿ ಸಾಲದೆ ಮಾವನ ಟೊಪ್ಪಿಗೆಗಳಲ್ಲಿ ಇಟ್ಟರಂತೆ. ಅಂದಿನಿಂದ ಅಳಿಯನ ಕಾಲಿಗೆ ಬಂಗಾರದ ಕಾಲು ಎಂದು ಹೆಸರಾಯಿತು. ಪ್ರತಿ ವರ್ಷ ಅವನೇ ಮೊದಲು ಬರಬೇಕು, ಒಲೆಯ ಮುಂದೆ ಕೆಂಪು ದಿಂಬಿನ ಮೇಲೆ ಕೂರಬೇಕು. ಸರ್ಕಾರಗಳು ಹೋದರೂ ಎವ್ಲೋಗಿ ಅಷ್ಟಾಗಿ ಕೊರಗದೆ ಇದ್ದದ್ದು ಈ ಒಂದು ಹುದ್ದೆಯ ಬಲದಿಂದ.

ನಾಲ್ಕನೆಯ ಸರ್ಕಾರ ಬಿದ್ದ ಮೇಲೆ ಒಂದು ಟೀವಿಯವರು ಅವನನ್ನು ಕರೆದರು. ಮುಖಕ್ಕೆ ಪೌಡರು ಹಚ್ಚಿ, ಹೆಸರಿನ ಕೆಳಗೆ ‘ಸರ್ಕಾರದ ಅನುಭವವುಳ್ಳ ರಾಜಕೀಯ ವ್ಯಾಖ್ಯಾನಕಾರ’ ಎಂದು ಬರೆದರು. ಆ ಸಾಲನ್ನು ಅವನು ಪರದೆಯ ಮೇಲೆ ಮತ್ತೆ ಮತ್ತೆ ಓದಿಕೊಂಡ. ಅಲ್ಲಿಂದಲೇ ಕೆಟ್ಟದ್ದು.

ಕಾರ್ಯಕ್ರಮ ನಡೆಸುವವಳು ಬಿಸೆರಾ. ಮುಖ ಮುತ್ತಿನಂತೆ, ನಾಲಿಗೆ ಕತ್ತರಿಯಂತೆ.

"ನಿಮ್ಮ ಅನುಭವದ ಬಗ್ಗೆ ಸ್ವಲ್ಪ ಹೇಳಿ, ತರ್ಪಾನೊವ್ ಅವರೇ."

ಎವ್ಲೋಗಿ ಕಾಲಿನ ಮೇಲೆ ಕಾಲು ಹಾಕಿದ. "ನಾನು ಕಾಲಿಟ್ಟ ಯಾವ ಸರ್ಕಾರವನ್ನ ಬೇಕಾದ್ರೂ ಕೇಳಿ. ನಾನಿಲ್ಲದೆ ಒಂದು ದಿನ ನಡೆದದ್ದಿಲ್ಲ."

"ನೀವಿದ್ದೂ ಬಹಳ ದಿನ ನಡೆದ ಹಾಗೆ ಕಾಣಲ್ವಲ್ಲ?"

"ಅದು ಕಾಕತಾಳೀಯ."

"ನಾಲ್ಕೂ?"

"ಮೂರು. ಒಂದು ಇನ್ನೂ ತನಿಖೆಯಲ್ಲಿದೆ."

ಬಿಸೆರಾ ನಗಲಿಲ್ಲ. ಕ್ಯಾಮರಾ ಹಿಡಿದವನು ನಕ್ಕ. ದೇಶದ ಜನ ಆ ರಾತ್ರಿಯ ಕಾರ್ಯಕ್ರಮದಲ್ಲಿ ಎವ್ಲೋಗಿಯ ಮುಖ ಮೇಲೂ ಕೆಳಗೂ ಕುಲುಕಾಡುವುದನ್ನು ಕಂಡರು. "ಹಾಗಾದ್ರೆ ವೀಕ್ಷಕರೇ, ಈ ಕಾಲನ್ನ ನೆನಪಿಟ್ಕೊಳ್ಳಿ" ಎಂದು ಬಿಸೆರಾ ಹೇಳಿದ್ದೇ ತಡ, ಕ್ಯಾಮರಾ ಇಳಿದು ಅವನ ಬೂಟಿನ ಮೇಲೆ ನಿಂತಿತು.

ಇಷ್ಟಕ್ಕೇ ನಿಂತಿದ್ದರೆ ಜನ ಮರೆಯುತ್ತಿದ್ದರು. ಆದರೆ ಡಿಸೆಂಬರ್ ಬಂತು, ಹೆಂಡತಿ ಮಾಲಿನಾಗೆ ದಿಂಬಿನ ನೆನಪಾಯಿತು.

"ದಿಂಬು ಎಲ್ಲಿ?"

"ಅರಣ್ಯ ಮಂತ್ರಾಲಯದಲ್ಲಿ."

"ಅಮ್ಮ ಕೇಳಿದ್ರೆ ಏನು ಹೇಳ್ತೀಯ? ವಿರೋಧ ಪಕ್ಷದವರು ಅದರ ಮೇಲೆ ಕೂತಿದ್ದಾರೆ ಅಂತಾನಾ? ಹೋಗಿ ತಗೊಂಡು ಬಾ."

ಎವ್ಲೋಗಿ ಹೋದ. ಅವನ ಬಲಗಾಲು ಮಂತ್ರಾಲಯದ ಹೊಸ್ತಿಲ ಮೇಲಿತ್ತು, ಎಡಗಾಲು ಮೆಟ್ಟಿಲ ಮೇಲಿತ್ತು. ಕಾವಲಿನ ಪಾಂಟೆಲೇ ಎರಡೂ ಕೈ ಚಾಚಿ ಓಡಿಬಂದ.

"ಸಾರ್, ಹಾಗೇ ನಿಲ್ಲಿ. ಇಟ್ಟ ಕಾಲು ಇರಲಿ, ಇನ್ನೊಂದು ತರಬೇಡಿ. ಅರ್ಧ ಬಿದ್ರೆ ಅರ್ಧನಾದ್ರೂ ಉಳಿಯುತ್ತೆ."

"ಪಾಂಟೆಲೇ, ನನಗೆ ನನ್ನ ದಿಂಬು ಬೇಕು ಅಷ್ಟೆ."

"ದಿಂಬು ತಾನಾಗೇ ಬರುತ್ತೆ ಸಾರ್. ನೀವು ಉಸಿರಾಡ್ತಾ ಇರಿ. ನನಗೆ ನಿವೃತ್ತಿಗೆ ಇನ್ನು ಸ್ವಲ್ಪ ದಿನ ಇದೆ, ನಾಲ್ಕು ಮಂತ್ರಿಗಳಿಗೆ ಸಲಾಮು ಹೊಡೆದು ಸಾಕಾಗಿದೆ."

ಮೇಲಿನ ಮಹಡಿಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಗುಮಾಸ್ತೆಯರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಮಂತ್ರಿಗಳ ಆಪ್ತ ಕಾರ್ಯದರ್ಶಿ ದಿಂಬನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಹಿಡಿದಂತೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದ. ಎದುರಿನ ಕಾಫಿ ಅಂಗಡಿಯಲ್ಲಿ ಕೂತಿದ್ದ ಪತ್ರಕರ್ತನೊಬ್ಬ ಚಿತ್ರ ತೆಗೆದ: ಎವ್ಲೋಗಿ, ದಿಂಬು, ಹೊಸ್ತಿಲ ಮೇಲೊಂದು ಕಾಲು.

ಆ ಸಂಜೆ ಮೈತ್ರಿಕೂಟದ ಸಣ್ಣ ಪಕ್ಷವೊಂದು, ಮೊಲದ ಬೇಟೆಯ ಕಾಯ್ದೆಯ ನೆಪದಲ್ಲಿ, ಬೆಂಬಲ ಹಿಂತೆಗೆದುಕೊಂಡಿತು. ಸರ್ಕಾರ ಬಿತ್ತು. ಆ ಜಗಳ ತಿಂಗಳುಗಳಿಂದ ನಡೆಯುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಮೊಲದ ಬೇಟೆಯ ಕಾಯ್ದೆಯನ್ನು ಓದುವವರು ಯಾರು? ಬೂಟನ್ನಾದರೆ ಎಲ್ಲರೂ ನೋಡಿದ್ದರು.

ಮರುದಿನದಿಂದ ಎವ್ಲೋಗಿಯ ನಿಜವಾದ ವೃತ್ತಿಜೀವನ ಶುರುವಾಯಿತು. ಒಂದು ಟೀವಿಯಲ್ಲಿದ್ದವನು ಎಲ್ಲ ಟೀವಿಗಳಲ್ಲೂ ಕಾಣಿಸಿಕೊಂಡ. ಮುಂದಿನ ಸರ್ಕಾರ ಕಟ್ಟಲು ಹೊರಟಿದ್ದ ನಾಯಕರೊಬ್ಬರು ಫೋನ್ ಮಾಡಿ, "ತರ್ಪಾನೊವ್ ಅವರೇ, ನಿಮ್ಮನ್ನ ರಾಯಭಾರಿ ಮಾಡೋಣ ಅಂತಿದ್ದೀವಿ" ಎಂದರು.

"ಯಾವ ದೇಶಕ್ಕೆ?"

"ದೂರ ಇದ್ರೆ ಸಾಕು, ನೀವೇ ಆರಿಸ್ಕೊಳ್ಳಿ."

ಅವನು ಆರಿಸಿದ ದೇಶದವರ ಮನೆಗಳಲ್ಲೂ ಟೀವಿ ಇತ್ತೆಂದು ಕಾಣುತ್ತದೆ. ಅಲ್ಲಿಂದ ಬಹಳ ವಿನಯದ ಮೌನ ಬಂತು.

ಅವನಿದ್ದ ಕಟ್ಟಡದ ನಿವಾಸಿಗಳ ಸಂಘವನ್ನು ಗಿನ್ಕಾ ಎಂಬ ಹೆಂಗಸು ಎಷ್ಟೋ ವರ್ಷಗಳಿಂದ ಒಂಟಿಯಾಗಿ ಆಳುತ್ತಿದ್ದಳು. ಅವಳು ಬಾನಿತ್ಸಾ ಎಂಬ ಬಿಸಿಬಿಸಿ ಚೀಸಿನ ಪದರ ರೊಟ್ಟಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. "ಎವ್ಲೋಗಿ ಅವರೇ, ಗುರುವಾರ ಸಂಘದ ಸಭೆ ಇದೆ. ನೀವು ಬರೋ ಶ್ರಮ ತಗೋಬೇಡಿ. ಲಿಫ್ಟಿನ ಗ್ರೀಸಿಗೆ ನಿಮ್ಮ ಒಪ್ಪಿಗೆ ಇದೆ ಅಂತ ನಾನೇ ಹೇಳ್ತೀನಿ." ಅವಳು ಹೋದ ಹಿಂದೆಯೇ ಮೂರನೇ ಮಹಡಿಯವರು ಇನ್ನೂ ದೊಡ್ಡ ಬಾನಿತ್ಸಾ ತಂದರು. ಅವರಿಗೆ ಅವನು ಸಭೆಗೆ ಬರಲೇಬೇಕಿತ್ತು.

ಎವ್ಲೋಗಿ ಎರಡನ್ನೂ ತಿಂದ. ನಿಜ ಹೇಳಬೇಕೆಂದರೆ ಅವನಿಗೆ ಖುಷಿಯೇ ಆಗಿತ್ತು. ಸಲಹೆಗಳಿಂದ ಆಗದ್ದು ಪಾದಗಳಿಂದ ಆಗಿತ್ತು. ದಿನವೂ ಬೆಳಿಗ್ಗೆ ಬೂಟಿಗೆ ಪಾಲಿಶು ಹಾಕುವುದನ್ನು ರಾಷ್ಟ್ರಗೀತೆಗೆ ನಿಂತಷ್ಟು ಗಂಭೀರವಾಗಿ ಮಾಡತೊಡಗಿದ.

"ದೇಶಾನೇ ನಡುಗಿಸೋ ಕಾಲು" ಎಂದಳು ಮಾಲಿನಾ. "ಕಾಲುಚೀಲದಲ್ಲಿ ಮಾತ್ರ ಹೆಬ್ಬೆರಳು ಆಚೆ ಬಂದಿದೆ."

ಅದೇ ಹೊತ್ತಿಗೆ ಅತ್ತೆಯ ಫೋನ್ ಬಂತು.

"ಮಗಾ, ಈ ಸಲ ಇಗ್ನಾಟನ ದಿನ ಮಧ್ಯಾಹ್ನದ ಮೇಲೆ ಬಾ."

"ಬೆಳಿಗ್ಗೆ ಬೇಡ್ವಾ ಅತ್ತೆ?"

"ಬೆಳಿಗ್ಗೆ ಮೇಯರ್ ಕುಜ್ಮಾನ್ ಬರ್ತಾನಂತೆ."

"ಅಂತೆ ಅಂದ್ರೆ? ಕರೆದವರು ಯಾರು?"

ಅತ್ತೆಯ ಹಿಂದಿನಿಂದ ಬೇರೆಯೇ ದನಿ ಕೇಳಿಸಿತು: "ನಾನು ಕರೆದೆ ಅನ್ನು. ಫೋನ್ ಇಡು, ಒಲೆ ಮೇಲೆ ಪಾತ್ರೆ ಇದೆ."

ಅದು ಲಾಲ್ಕಾ. ತೀರಿಕೊಂಡ ಮಾವನ ತಂಗಿ, ಅಂದರೆ ತೋಂಕಾಳ ನಾದಿನಿ. ಪ್ಲೊವ್ದಿವ್ ನಗರದಲ್ಲಿ ಅವಳಿಗೆ ಸ್ವಂತ ಮನೆಯಿತ್ತು. ಹಳ್ಳಿಯ ಗಾಳಿ ಎದೆಗೆ ಒಳ್ಳೆಯದೆಂದು ಎರಡು ವಾರಕ್ಕೆ ಬಂದವಳು ಮೂರು ವರ್ಷದಿಂದ ಗಾಳಿ ಕುಡಿಯುತ್ತಿದ್ದಳು. ಮೊದಲು ಅಡಿಗೆಮನೆಯ ಪಾತ್ರೆಗಳ ಜಾಗ ಬದಲಾಯಿತು. ಆಮೇಲೆ ಕೋಳಿಗೂಡು ತೆರೆಯುವ ಹೊತ್ತು ಬದಲಾಯಿತು. ಈಗ ಉಪ್ಪಿನ ಎಲೆಕೋಸಿನ ಪೀಪಾಯಿಗೂ ಬೀಗ, ಬೀಗದ ಕೈ ಅವಳ ಸೊಂಟದಲ್ಲಿ. ತೋಂಕಾ ಒಳ್ಳೆಯವಳು. ಬಂದ ನೆಂಟರನ್ನು ಹೋಗು ಎಂದು ಅವಳ ವಂಶದಲ್ಲಿ ಯಾರೂ ಅಂದಿರಲಿಲ್ಲ.

ಎವ್ಲೋಗಿ ಫೋನನ್ನು ಮೇಜಿನ ಮೇಲಿಟ್ಟು, ತನ್ನ ಪಾಲಿಶು ಬೂಟುಗಳನ್ನು ನೋಡಿದ.

"ಸರ್ಕಾರ ಹೋದಾಗ ನಿನ್ನ ಮುಖ ಇಷ್ಟು ಸಣ್ಣಗಾಗಿರಲಿಲ್ಲ" ಎಂದಳು ಮಾಲಿನಾ.

"ಸರ್ಕಾರದವರು ನನ್ನ ಕಾಲನ್ನ ಬಂಗಾರದ್ದು ಅಂತ ಯಾವತ್ತೂ ಅಂದಿರಲಿಲ್ಲ."

ಇಗ್ನಾಟನ ದಿನ ಗೊರ್ನಾ ಕ್ರುಶಾಗೆ ಇದ್ದದ್ದು ಬೆಳಗಿನ ಬಸ್ಸು ಒಂದೇ, ಆದ್ದರಿಂದ ಗಂಡಹೆಂಡತಿ ಅದಕ್ಕೇ ಹತ್ತಿದರು. ಅವನು ಹತ್ತಿದ್ದು ನೋಡಿ ಚಾಲಕ ಇಳಿದು ನಾಲ್ಕೂ ಚಕ್ರಗಳನ್ನು ಒದ್ದು ನೋಡಿ ಬಂದ. ಬಸ್ಸು ಸುಖವಾಗಿಯೇ ತಲುಪಿತು. ಆದರೆ ಅದಕ್ಕಿಂತ ಮೊದಲೇ ಸುದ್ದಿ ತಲುಪಿತ್ತು. ಓಣಿಯ ಎರಡೂ ಬದಿಯ ಗೇಟುಗಳಿಗೆ ಅಗುಳಿ ಬಿದ್ದಿತ್ತು. ನಾಯಿಗಳನ್ನೂ ಒಳಗೆ ಕರೆದುಕೊಂಡಿದ್ದರು. ಹಿಮದ ಮೇಲೆ ಎವ್ಲೋಗಿಯ ಬೂಟಿನ ಗುರುತು ಬೀಳುತ್ತಿದ್ದುದನ್ನು ಪರದೆಗಳ ಸಂದಿಯಿಂದ ಇಡೀ ಹಳ್ಳಿ ನೋಡುತ್ತಿತ್ತು.

ಅತ್ತೆಯ ಗೇಟಿನ ಮೇಲಿಂದ ಒಂದು ತಲೆವಸ್ತ್ರ ಎದ್ದಿತು.

"ಬಂದ್ರಾ? ದಾರಿ ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಅತ್ತೆ."

"ಚಳೀನಾ?"

"ಚಳಿ."

"ಅಲ್ಲೇ ಸ್ವಲ್ಪ ನಿಂತಿರು ಮಗಾ. ಮೇಯರ್ ಈಗ ಬಂದುಬಿಡ್ತಾನೆ. ಅವನು ಕಾಲಿಟ್ಟ ಹಿಂದೇನೇ ನೀನು. ಬಿಸಿ ಚಹಾ ಆದ್ರೂ ಕೊಡೋಣ ಅಂದ್ರೆ ಇವತ್ತು ಮನೆಯಿಂದ ಆಚೆ ಏನೂ ಕೊಡೋ ಹಾಗಿಲ್ಲ."

"ಅಂದ್ರೆ ನಾನು ಎರಡನೆಯವನು."

"ಉಪಪ್ರಧಾನಿ ಅಂದ್ಕೋ" ಎಂದಳು ಮಾಲಿನಾ. ಮೊದಲ ಕಾಲು ಗಂಡಸಿನದಾಗಬೇಕಾದ್ದರಿಂದ ಅವಳೂ ಹೊರಗೇ ಉಳಿದಿದ್ದಳು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು. ಎವ್ಲೋಗಿ ಕೆಂಪು ದಿಂಬನ್ನು ಎದೆಗೆ ಅವಚಿಕೊಂಡು ನಿಂತ. ಅದರ ಮೇಲೆ ಹಿಮ ಕೂರುತ್ತಿತ್ತು.

ಅಷ್ಟರಲ್ಲಿ ಮೇಯರ್ ಕುಜ್ಮಾನ್ ಓಣಿಗೆ ಇಳಿದ. ಏಳು ಚುನಾವಣೆ ಗೆದ್ದ ಮನುಷ್ಯ, ಪೀಪಾಯಿಯಂಥ ಮೈ, ಸುತ್ತಲ ಹಳ್ಳಿಗಳಲ್ಲೆಲ್ಲ ಅಂಥ ಗಟ್ಟಿ ಕಾಲು ಇನ್ನೊಂದಿಲ್ಲ. ಎವ್ಲೋಗಿಯನ್ನು ಕಂಡವನೇ ಗಕ್ಕನೆ ನಿಂತ.

"ನಮಸ್ಕಾರ ತರ್ಪಾನೊವ್. ನಿಮ್ಮನ್ನ ಟೀವೀಲಿ ನೋಡ್ತಾ ಇರ್ತೀನಿ. ಟೀವೀಲೇ ಚೆನ್ನಾಗಿ ಕಾಣ್ತೀರಿ." ಅನ್ನುತ್ತ ಎವ್ಲೋಗಿಯ ಬೂಟಿನ ಗುರುತುಗಳನ್ನು ತುಳಿಯದಂತೆ ಓಣಿಯ ಅಂಚಿಗೆ ಸರಿದ. ಅಂಚಿನಲ್ಲಿ ಪಕ್ಕದ ಮನೆಯ ಮುದುಕ ಗೆತ್ಸೊನ ಗೇಟಿತ್ತು. ಗೇಟು ಒಂದು ಗೇಣು ತೆರೆಯಿತು, ಒಂದು ಕೈ ಆಚೆ ಬಂತು, ಮೇಯರ್ ಒಳಗೆ ಹೋದ. ಮೀನು ಹುಳುವನ್ನು ನುಂಗುವಾಗಲೂ ಇಷ್ಟು ಬೇಗ ಆಗುವುದಿಲ್ಲ.

"ಗೆತ್ಸೊ, ಮೇಯರನ್ನ ಬಿಡು, ಅವನು ನಮ್ಮವನು" ಎಂದು ಲಾಲ್ಕಾ ಮಹಡಿಯ ಕಿಟಕಿಯಿಂದ ಕೂಗಿದಳು.

ಬೇಲಿಯಾಚೆಯಿಂದ ಮೇಯರನ ದನಿಯೇ ಬಂತು: "ಲಾಲ್ಕಾ ಅಕ್ಕಾ, ಕಾಲಿಟ್ಟಾಯ್ತು. ಒಲೆ ಮುಂದೆ ಕೂರಿಸಿಬಿಟ್ರು. ಇನ್ನು ಮಧ್ಯಾಹ್ನದ ತನಕ ಏಳೋ ಹಾಗಿಲ್ಲ, ಎದ್ರೆ ಇವರ ಕೋಳಿ ಕಾವು ಬಿಟ್ಟು ಏಳ್ತವಂತೆ."

ಆ ವಿಷಯದಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. ಮೊದಲು ಬಂದವನು ಕೂತಲ್ಲಿಂದ ಅಲ್ಲಾಡಬಾರದು. ಅವನು ಹೇಗೆ ಕೂರುತ್ತಾನೋ ಕೋಳಿಗಳು ವರ್ಷವಿಡೀ ಮೊಟ್ಟೆಯ ಮೇಲೆ ಹಾಗೇ ಕೂರುತ್ತವೆ. ಇದು ಸಂವಿಧಾನಕ್ಕಿಂತ ಹಳೆಯ ಕಾನೂನು. ಇದಕ್ಕೆ ಈವರೆಗೆ ತಿದ್ದುಪಡಿಯೂ ಆಗಿಲ್ಲ.

ತೋಂಕಾ ಗೇಟಿನ ಮೇಲಿಂದ ಅಳಿಯನನ್ನು ನೋಡಿದಳು. ಅವನ ಮೂಗು ದಿಂಬಿನಷ್ಟೇ ಕೆಂಪಗಾಗಿತ್ತು. ಅವಳ ಕೈ ಅಗುಳಿಯ ಕಡೆ ಹೋಗುವಷ್ಟರಲ್ಲಿ ಮೇಲಿನಿಂದ ದನಿ ಬಿತ್ತು.

"ತೋಂಕಾ, ಗೇಟು ತೆಗೀಬೇಡ. ಈ ಮನೆಗೆ ಯಾರು ಬರಬೇಕು, ಯಾರು ಬರಬಾರ್ದು ಅಂತ ನಾನು ಹೇಳ್ತೀನಿ. ಮಧ್ಯಾಹ್ನ ಮೇಯರ್ ಎದ್ದು ಇಲ್ಲಿಗೆ ಬಂದ ಮೇಲೆ ಇವನು ಬರ್ಲಿ. ಆ ನಿನ್ನ ಅಳಿಯ ಕಾಲಿಟ್ಟ ಕಡೆ ಆಳೋರು ಒಬ್ಬರೂ ಉಳಿದಿಲ್ಲ."

ತೋಂಕಾಳ ಕೈ ನಿಂತಿತು. ಅವಳು ನಿಧಾನವಾಗಿ ಕಿಟಕಿಯ ಕಡೆ ತಿರುಗಿದಳು.

"ಒಬ್ಬರೂ ಉಳಿದಿಲ್ವಾ ಲಾಲ್ಕಾ?"

"ಒಬ್ಬರೂ ಇಲ್ಲ."

"ಖಂಡಿತಾನಾ?"

"ಟೀವೀಲೇ ಹೇಳಿದಾರೆ. ನಾಲ್ಕು ಸರ್ಕಾರ. ಮೊನ್ನೆ ಬರೀ ಅರ್ಧ ಕಾಲಿಟ್ಟು ಐದನೇದು."

"ಎಷ್ಟು ದಿನ ಹಿಡೀತು?"

"ದಿನ ಎಲ್ಲಿಯ ದಿನ, ಸಂಜೆಗೆಲ್ಲಾ ಗಂಟುಮೂಟೆ ಕಟ್ಟಿದ್ರು."

ತೋಂಕಾ ಕೋಳಿಗೂಡನ್ನು ನೋಡಿದಳು, ಬೀಗ ಬಿದ್ದ ಪೀಪಾಯಿಯನ್ನು ನೋಡಿದಳು. ಆಮೇಲೆ ಅಗುಳಿ ಸರಿಸಿ ಗೇಟನ್ನು ಎರಡೂ ಕೈಯಿಂದ ಹಾರುಹೊಡೆದಳು.

"ಬಾ ಮಗಾ. ಬಲಗಾಲಿಟ್ಟು ಬಾ. ಪೂರ್ತಿ ಇಡು, ಅರ್ಧ ಇಡಬೇಡ."

"ಅತ್ತೆ, ಕೋಳಿಗಳಿಗೆ ಏನಾದ್ರೂ..." ಎವ್ಲೋಗಿ ತೊದಲಿದ. ಇಷ್ಟು ದಿನದಲ್ಲಿ ಮೊದಲ ಸಲ ಅವನಿಗೆ ತನ್ನ ಕಾಲಿನ ಬಗ್ಗೆ ತನಗೇ ಭಯ ಹುಟ್ಟಿತ್ತು.

"ಕೋಳಿಗಳು ನಿನ್ನನ್ನ ನಾನು ಬಲ್ಲಷ್ಟು ಬಲ್ಲವು. ಬಾ."

ಅವನು ಹೊಸ್ತಿಲು ದಾಟಿದ. ತೋಂಕಾ ಗೋಧಿಯನ್ನೂ ಅಕ್ರೋಟನ್ನೂ ಅವನ ಮೇಲೆ ಎರಚಿದಳು. ಒಂದು ಅಕ್ರೋಟು ಕನ್ನಡಕಕ್ಕೆ ಬಡಿಯಿತು. ಅವನು ಒಲೆಯ ಮುಂದೆ ಬಾಗಿ ಕೊರಡನ್ನು ಕೆದಕಿ, ಎಂದಿನಂತೆ ಹೇಳಿದ: "ಎಷ್ಟು ಕಿಡಿಯೋ ಅಷ್ಟು ಮರಿ, ಅಷ್ಟು ಕರು, ಅಷ್ಟು ಜೇನು, ಅಷ್ಟು ನಗು." ಕಿಡಿಗಳು ಚಿಮಣಿಯೊಳಗೆ ಗುಂಪಾಗಿ ಹಾರಿದವು. ಆಮೇಲೆ ದಿಂಬಿನ ಹಿಮ ಕೊಡವಿ, ನೆಲದ ಮೇಲೆ ಹಾಕಿ, ಅದರ ಮೇಲೆ ಕೂತ.

ಮಹಡಿಯಲ್ಲಿ ಪೆಟ್ಟಿಗೆಯ ಮುಚ್ಚಳ ಬಡಿದ ಸದ್ದಾಯಿತು. ಎವ್ಲೋಗಿಯ ಕಾಲನ್ನು ಈ ದೇಶದಲ್ಲಿ ಲಾಲ್ಕಾಳಷ್ಟು ನಿಷ್ಠೆಯಿಂದ ನಂಬಿದವರು ಇನ್ನೊಬ್ಬರಿರಲಿಲ್ಲ. ಅವಳು ಟೊಪ್ಪಿಗೆ ಹಾಕಿಕೊಂಡು ಇಳಿದು ಬಂದಳು.

"ಇವನು ಮೊದಲು ಬಂದ ಮನೇಲಿ ನಾನು ಒಂದು ವರ್ಷ ಅಲ್ಲ, ಒಂದು ಗಂಟೆ ಇರಲ್ಲ. ನನ್ನ ಎದೆ ಮೊದಲೇ ಸರಿ ಇಲ್ಲ."

"ಹೌದು, ಎದೆ ನೋಡ್ಕೋಬೇಕು" ಎಂದಳು ತೋಂಕಾ.

"ಪ್ಲೊವ್ದಿವ್‌ಗೆ ಹೋಗ್ತೀನಿ."

"ಬಸ್ಸು ಇನ್ನೂ ಚೌಕದಲ್ಲೇ ನಿಂತಿರುತ್ತೆ. ಮಾಲಿನಾ, ನಿನ್ನ ಸೋದರತ್ತೆ ಪೆಟ್ಟಿಗೆ ಹಿಡಿ."

ಲಾಲ್ಕಾ ಬಾಗಿಲಲ್ಲಿ ನಿಂತಳು. ಯಾರಾದರೂ ತಡೆಯುತ್ತಾರೇನೋ ಎಂದು ಸಾಕಷ್ಟು ಹೊತ್ತು ನಿಂತಳು. ಆಮೇಲೆ ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು. ಅಧಿಕಾರ ಹಸ್ತಾಂತರ ಇಷ್ಟು ಶಾಂತವಾಗಿ ಸೋಫಿಯಾದಲ್ಲೂ ನಡೆದದ್ದು ಕಡಿಮೆ.

ತೋಂಕಾ ಪೀಪಾಯಿ ತೆರೆದು ಎಲೆಕೋಸು ತಂದಳು. ಅಕ್ರೋಟು, ಒಣ ಪ್ಲಮ್ಮು, ಕುಂಬಳಕಾಯಿಯ ಸುರುಳಿ ರೊಟ್ಟಿ, ಚಿಕ್ಕ ಲೋಟದಲ್ಲಿ ರಾಕಿಯಾ ಎಂಬ ಹಣ್ಣಿನ ಸಾರಾಯಿ ಎಲ್ಲವನ್ನೂ ಅವನ ಕೈಗೆಟಕುವಲ್ಲಿ ಜೋಡಿಸಿದಳು. ಪಾತ್ರೆಗಳನ್ನು ಒಂದೊಂದಾಗಿ ಹಳೆಯ ಜಾಗಕ್ಕೆ ಇಡುತ್ತ, ಬಾಯಲ್ಲೇ ಏನೋ ಹಾಡಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಬೇಲಿಯಾಚೆಯಿಂದ ಗೆತ್ಸೊನ ಹೆಂಡತಿಯ ಪಿಸುದನಿ ಬಂತು: "ತೋಂಕಾ, ನಿನ್ನ ಅಳಿಯ ಎದ್ದ ಮೇಲೆ ನಮ್ಮ ಮನೆಗೂ ಒಂದು ಸಲ ಕಳಿಸು. ಮಧ್ಯಾಹ್ನ ಆಯ್ತು, ಊಟಾನೂ ಆಯ್ತು, ಮೇಯರ್ ಏಳ್ತಾನೇ ಇಲ್ಲ."

ಆಗ ಎವ್ಲೋಗಿಯ ಜೇಬಿನಲ್ಲಿ ಫೋನ್ ಗುಂಯ್ಗುಟ್ಟಿತು. ಬಿಸೆರಾ.

"ತರ್ಪಾನೊವ್ ಅವರೇ, ನೇರ ಪ್ರಸಾರದಲ್ಲಿದ್ದೀರಿ. ಹೊಸ ಸರ್ಕಾರ ಈಗಷ್ಟೇ ಪ್ರಮಾಣವಚನ ತಗೊಂಡಿದೆ. ದೇಶ ನಿಮ್ಮ ಕಾಲನ್ನೇ ನೋಡ್ತಾ ಇದೆ. ಸಂಜೆ ಸ್ಟುಡಿಯೋಗೆ ಬರ್ತೀರಾ?"

ನೇರ ಪ್ರಸಾರ ಎಂದೊಡನೆ ಅಭ್ಯಾಸಬಲದಿಂದ ಎವ್ಲೋಗಿ ಏಳಲು ಹೊರಟ. ಎರಡು ಕೈಗಳು ಅವನ ಭುಜದ ಮೇಲೆ ಬಿದ್ದು ಕೆಳಗೊತ್ತಿದವು.

"ಕೂತ್ಕೋ ಮಗಾ" ಎಂದಳು ತೋಂಕಾ. "ಏಳಬೇಡ. ನೀನು ಎದ್ರೆ ನನ್ನ ಗತಿ ಏನು?"

ಇಂಥ ಮಾತನ್ನು ಅವನಿಗೆ ಯಾವ ಪ್ರಧಾನಿಯೂ ಹೇಳಿರಲಿಲ್ಲ. ಎವ್ಲೋಗಿ ಬಾಯೊಳಗಿನ ಪ್ಲಮ್ಮನ್ನು ಒಂದು ದವಡೆಗೆ ಸರಿಸಿದ. ಗಂಟಲು ಸರಿಮಾಡಿಕೊಂಡು, ಇಡೀ ದೇಶಕ್ಕೆ ಕೇಳುವಂತೆ ಹೇಳಿದ:

"ಕ್ಷಮಿಸಿ, ಬಿಸೆರಾ ಅವರೇ. ಸದ್ಯಕ್ಕೆ ಬರೋಕಾಗಲ್ಲ. ನಾನು ಅಧಿಕಾರದಲ್ಲಿದ್ದೀನಿ."

ಕೋಳಿಗೂಡಿನಿಂದ ತೃಪ್ತಿಯ ಕೊಕ್‌ಕೊಕ್ ಸದ್ದು ಬರುತ್ತಿತ್ತು. ಅವನು ಫೋನ್ ಜೇಬಿಗಿಟ್ಟು, ಕಾಲು ಮಡಚಿ, ಇನ್ನೂ ಚೆನ್ನಾಗಿ ಊರಿ ಕೂತ. ಕೆಳಗೆ ದಿಂಬು ಬೆಚ್ಚಗಾಗಿತ್ತು.